ರಜೆಯಲ್ಲಿ ಬಂದ ಉಬೈದ್

ಹಂಪನಕಟ್ಟೆಯ ಟ್ರಸ್ಟೊಂದರ ಉದ್ಯೋಗ ಕೇಂದ್ರದಲ್ಲಿ ಹನ್ನೊಂದು ವರ್ಷಗಳಿಂದ ನಾನು ಫಾರ್ಮ್ ತೆಗೆದುಕೊಳ್ಳುವವಳು. ಹೆಸರು ಬಾಗಿ. ಯಾರಿಗೆ ಬೇಗ ಕೆಲಸ ಸಿಗುತ್ತದೆ, ಯಾರು ವರ್ಷಗಟ್ಟಲೆ ಅಲೆಯುತ್ತಾರೆ ಎಂಬುದು ಮುಖ ನೋಡಿದರೆ ನನಗೆ ಗೊತ್ತಾಗುತ್ತಿತ್ತು. ಕಳೆದ ವರ್ಷ ಅದಕ್ಕೂ ಕಂಪ್ಯೂಟರ್ ಬಂತು. ಸಾವಿರಾರು ಹಳೆಯ ಫಾರ್ಮ್‌ಗಳನ್ನು ಅದಕ್ಕೆ ಉಣಿಸಿದ್ದಾರಂತೆ. ಹೊಸಬರ ವಿವರ ಹಾಕಿದರೆ, ವರ್ಷ ಕಳೆದರೂ ಕೆಲಸ ಸಿಗದೆ ಉಳಿಯುವವರಿಗೆ ಕೆಂಪು, ಬೇಗ ಸಿಗುವವರಿಗೆ ಹಸಿರು. ಕೆಂಪು ಬಂದವರಿಗೆ ಮೂರು ತಿಂಗಳ ಉಚಿತ ತರಬೇತಿ, ಆಮೇಲೆ ಒಂದು ಗೋದಾಮಿನಲ್ಲಿ ಕೆಲಸ. ಹಸಿರಿನವರಿಗೆ ಬರೀ ನಮಸ್ಕಾರ. ಯಾವುದು ಒಳ್ಳೆಯದೋ, ನನ್ನ ತಲೆಗೆ ಇವತ್ತಿಗೂ ಹೋಗಿಲ್ಲ.

ಕೂಳೂರಿನ ಉಬೈದನಿಗೂ ಹೋಗಲಿಲ್ಲ. ನಲವತ್ತೇಳರ ಪ್ರಾಯ, ಹತ್ತೊಂಬತ್ತು ವರ್ಷ ದಮ್ಮಾಮಿನಲ್ಲಿ ಸ್ಟೋರ್ ಕೀಪರ್. ಇಸ್ತ್ರಿ ಹಾಕಿದ ಅಂಗಿ, ಅತ್ತರಿನ ಪರಿಮಳ. ಗಲ್ಫ್ ಸಾಕಾಗಿ ಊರಲ್ಲೇ ನಿಲ್ಲುವ ಆಲೋಚನೆ ಇರಬೇಕು ಅಂದುಕೊಂಡಿದ್ದೆ. ಹಸಿರು ಬಂದ ದಿನ ಖುಷಿಯಿಂದ ಹೋದ. ಐದು ತಿಂಗಳಾದರೂ ಎಲ್ಲಿಂದಲೂ ಕರೆ ಬರದೆ ಮತ್ತೆ ಬಂದ.

"ಬಾಗಿಯಕ್ಕ, ಹಸಿರು ಅಂದ್ರೆ ಕೆಲಸ ಸಿಗ್ತದೆ ಅಂತ ಅಲ್ವಾ? ಮತ್ತೆ ಎಲ್ಲಿ ಉಂಟು ಕೆಲಸ?"

"ನನಗೆಂತ ಗೊತ್ತು ಮಾರಾಯ್ರೆ. ಆ ಪೆಟ್ಟಿಗೆಯತ್ರ ಕೇಳಿ."

ಪೆಟ್ಟಿಗೆಯ ಉಸ್ತುವಾರಿ ಮುಖೇಶನದು. "ಕಂಪ್ಯೂಟರ್ ಸರಿಯೇ ಉಂಟು ಅಕ್ಕ" ಎಂದ. ನನಗೆ ಪಿತ್ತ ನೆತ್ತಿಗೇರಿತು. ಫಾರ್ಮ್ ತೆಗೆಸಿ ಒಂದೊಂದೇ ಸಾಲು ನೋಡಿದೆವು. ಪ್ರಾಯ ಸರಿ, ಓದು ಸರಿ. ಈಗಿನ ಕೆಲಸ ಎಂಬಲ್ಲಿ ಉಬೈದನೇ ಬರೆದಿದ್ದ: ದಮ್ಮಾಮ್, ಸದ್ಯ ರಜೆ.

"ಕೆಲಸ ಇರುವವನಿಗೆ ಕೆಲಸ ಸಿಗ್ಲಿಕ್ಕಿಲ್ಲ ಅಂತ ಅದು ಹೇಗೆ ಹೇಳ್ತದೆ?" ಎಂದ ಮುಖೇಶ್.

"ಉಬೈದ್, ರಜೆ ಯಾವಾಗ ಮುಗಿಯುದು?" ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. "ಕೆಲಸ ಹೋಗಿ ಒಂದೂವರೆ ವರ್ಷ ಆಯ್ತು ಅಕ್ಕ. ಎಲ್ಲರತ್ರ ಹಾಗೇ ಹೇಳಿ ಹೇಳಿ, ಇಲ್ಲಿಯೂ ಅದನ್ನೇ ಬರೆದೆ."

ದೂರುವುದು ಹೇಗೆ? ಗಲ್ಫಿನಿಂದ ಬಂದವನನ್ನು ನಮ್ಮಲ್ಲಿ ಯಾರೂ ಹೇಗಿದ್ದೀರಿ ಎಂದು ಕೇಳುವುದಿಲ್ಲ. ಯಾವಾಗ ಬಂದದ್ದು, ಯಾವಾಗ ಹೋಗುವುದು ಎಂದೇ ಕೇಳುವುದು. ಮಸೀದಿಯ ಅಂಗಳದಲ್ಲಿ, ಮೀನು ಮಾರ್ಕೆಟಿನಲ್ಲಿ ಅವನ ಉತ್ತರ ರಜೆ. ಹೆಂಡತಿ ರಿಝ್ವಾನಾ ತವರಿನಲ್ಲಿಯೂ ಅದನ್ನೇ ಹೇಳುತ್ತಿದ್ದಳಂತೆ. ಹೇಳಿದರೆ ಮಾನ ಹೋಗುತ್ತದೆ, ಬಿಟ್ಟರೆ ಪ್ರಾಣ ಹೋಗುತ್ತದೆ.

ತರಬೇತಿಯಲ್ಲಿ ಉಳಿದದ್ದು ಒಂದೇ ಸೀಟು, ಅಂದೇ ಕಡೆಯ ದಿನ. ಉಬೈದ್ ತಿದ್ದಲು ಪೆನ್ನು ತೆಗೆದ. ಅಷ್ಟರಲ್ಲಿ ಅವನ ನೆರೆಮನೆಯ ಝುಬೈರ್ ಒಳಗೆ ಬಂದ. ದೋಹಾದಿಂದ ರಜೆಯಲ್ಲಿ ಬಂದವನಂತೆ. ಊರಲ್ಲಿ ಎಂತದಾದರೂ ಸಿಕ್ಕುತ್ತದೋ ನೋಡುವ ಎಂದು ನನ್ನ ಕೈಗೆ ತನ್ನ ಫಾರ್ಮ್ ಕೊಟ್ಟ. ಆಮೇಲೆ ಉಬೈದನನ್ನು ಕಂಡ.

"ನೀನು ಇನ್ನೂ ಹೋಗ್ಲಿಲ್ವಾ? ಯಾವಾಗ ಹೋಗುದು?"

ಉಬೈದ್ ನನ್ನ ಮುಖ ನೋಡಿದ. ಪೆನ್ನು ಕೆಳಗಿಟ್ಟರೆ ಸೀಟು ಹೋಯಿತು ಎಂದು ಹೆದರಿಕೆಯಾಯಿತು.

"ಹೋಗುದಿಲ್ಲ. ಕೆಲಸ ಇಲ್ಲ ನನಗೆ" ಎಂದ. ಹಾಗೆಯೇ ಬರೆದ.

ಮುಖೇಶ್ ವಿವರ ತಿದ್ದಿ ಒತ್ತಿದ. ಕೆಂಪು. ಸೀಟು ಉಬೈದನ ಹೆಸರಿಗಾಯಿತು. ಅಭಿನಂದನೆ ಹೇಳುವುದೋ ಸಮಾಧಾನ ಹೇಳುವುದೋ ಗೊತ್ತಾಗದೆ ನಾನು ತರಬೇತಿಯ ಪಟ್ಟಿಯಲ್ಲಿ ಅವನ ಹೆಸರು ಬರೆದೆ. ಉಬೈದ್ ಹೆಂಡತಿಗೆ ಫೋನ್ ಮಾಡಿ, "ಕೆಂಪು ಬಂತು" ಎಂದ. ಆಕೆ "ಅಲ್‌ಹಂದುಲಿಲ್ಲಾಹ್" ಎಂದದ್ದು ನನಗೂ ಕೇಳಿಸಿತು.

ಅವನು ಮೆಟ್ಟಿಲಿಳಿದು ಹೋದ ಮೇಲೂ ಝುಬೈರ್ ನಿಂತೇ ಇದ್ದ. ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದ.

"ಅಕ್ಕ, ನನ್ನ ಫಾರ್ಮ್ ಸ್ವಲ್ಪ ವಾಪಸ್ ಕೊಡ್ತೀರಾ? ಒಂದು ಕಡೆ ತಿದ್ದಲಿಕ್ಕೆ ಉಂಟು."

ಕೊಟ್ಟೆ. ಈಗಿನ ಕೆಲಸ ಎಂಬಲ್ಲಿ ತಾನು ಬರೆದಿದ್ದ ರಜೆಯನ್ನು ಅವನು ಹೊಡೆದು ಹಾಕಿದ; ಸೀಟು ಆಗಲೇ ಮುಗಿದಿತ್ತು.