ಉಡದ ರಕ್ತದಲ್ಲಿದ್ದದ್ದು

“ಆಂಟಿ, ನಿಮ್ಮ ಗೆಸ್ಟನ್ನು ವಾಪಸ್ ತಂದಿದ್ದೇನೆ,” ಎಂದಳು ಪ್ರಾಣಿಗಳನ್ನು ರಕ್ಷಿಸುವ ಹುಡುಗಿ. ವಿಕ್ರೋಳಿಯ ನಮ್ಮ ಬಿಲ್ಡಿಂಗಿನ ಪಂಪ್ ರೂಮಿನಲ್ಲಿ ಹೋದ ವಾರ ಅವಳು ಹಿಡಿದಿದ್ದ ಉಡ ಚೀಲದಲ್ಲಿತ್ತು. ಹಿಡಿದ ಜಾಗದ ಹತ್ತಿರವೇ ಬಿಡಬೇಕಂತೆ. ಸಮುದ್ರದ ಹಿನ್ನೀರು ಬರುವ ಖಾಡಿಯ ಕಡೆಗೆ ನಾನೂ ಜೊತೆಗೆ ನಡೆದೆ.

“ಇದರ ಬ್ಲಡ್ ಟೆಸ್ಟ್ ಮಾಡಿದ್ವಿ. ಪ್ಯಾರಸೈಟ್ ಇದೆ, ಮಲೇರಿಯಾದ್ದು ಇರ್ತದಲ್ಲ, ಅಂಥದ್ದೇ.”

ನಾನು ನಿಂತೆ. ಕಳೆದ ಮಳೆಗಾಲದಲ್ಲಿ ಮಲೇರಿಯಾ ಎಂದು ಆಸ್ಪತ್ರೆಗೆ ಸೇರಿದ ನನ್ನ ಗಂಡ ಉಳಿಯಲಿಲ್ಲ.

“ಹಾಗಾದರೆ ಇದು ಸಾಯ್ತದಾ?”

“ಇಲ್ಲ ಆಂಟಿ. ಉಡಗಳಲ್ಲಿ ಇದು ಕಾಮನ್. ಔಷಧಿಯೂ ಬೇಡ, ಆರಾಮಾಗಿರ್ತದೆ.”

ಚೀಲ ಬಿಚ್ಚಿದ ಕೂಡಲೇ ಅದು ಉಪ್ಪುನೀರಿನ ಕೆಸರಲ್ಲಿ ಬೆಳೆದಿದ್ದ ಕಾಂಡ್ಲಾ ಗಿಡಗಳೊಳಗೆ ನುಗ್ಗಿತು.

ಒಂದು ಗಳಿಗೆ ನನಗೆ ಉಡದ ಮೇಲೆ ಹೊಟ್ಟೆಕಿಚ್ಚಾಯಿತು. ಆಮೇಲೆ, ರಕ್ತದಲ್ಲಿ ಅಂಥದ್ದನ್ನು ಇಟ್ಟುಕೊಂಡೂ ಒಂದು ಜೀವ ತನ್ನ ಮನೆ ಸೇರಿತಲ್ಲ ಎಂದುಕೊಂಡೆ.