ಕಲಿತವರೆಲ್ಲ ಹೊರಟುಹೋದ ಮೇಲೆ

ನೀರು ಶುದ್ಧೀಕರಣ ಘಟಕದಲ್ಲಿ ಎಲ್ಲರೂ ಅವಳನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದರು. ಹಾಗಂತ ಅವಳು ಯಾವ ಶಾಲೆಯಲ್ಲೂ ಪಾಠ ಮಾಡಿದವಳಲ್ಲ. ಹೊಸದಾಗಿ ಸೇರಿದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೊಳೆಯ ನೀರು ಕುಡಿಯುವ ನೀರಾಗುವ ಬಗೆಯನ್ನು ಎಳೆಎಳೆಯಾಗಿ ಬಿಡಿಸಿ ಹೇಳುವ ಗೀಳು ಅವಳಿಗಿತ್ತು. ಹೆಸರು ಹಾಗೆ ಅಂಟಿಕೊಂಡಿತು.

ಆದರೆ ಕಲಿತವರು ಯಾರೂ ನಿಲ್ಲಲಿಲ್ಲ. ಒಬ್ಬ ತಂಪು ಪಾನೀಯದ ಕಾರ್ಖಾನೆಗೆ ಹೋದ. ಇನ್ನೊಬ್ಬ ವಿದೇಶಕ್ಕೆ ಹಾರಿದ. ಮಗನಂತೆ ನೋಡಿಕೊಂಡಿದ್ದ ಮೂರನೆಯವನು ಮನೆ ಹತ್ತಿರದ ಟೈಲ್ಸ್ ಅಂಗಡಿ ಸೇರಿಕೊಂಡ. ಅವನು ಹೋದ ದಿನ ಗಂಡ ನಗುತ್ತಾ, “ನಿಂದು ನೀರಿನ ಘಟಕ ಅಲ್ಲ ಕಣೇ, ಬಸ್ ಸ್ಟ್ಯಾಂಡು. ಬರ್ತಾರೆ, ಹೋಗ್ತಾರೆ,” ಎಂದ. ಅವಳಿಗೆ ನಗು ಬರಲಿಲ್ಲ. ಇನ್ನು ಮೇಲೆ ಬಾಯಿಗೆ ಬೀಗ ಎಂದು ಅಂದೇ ತೀರ್ಮಾನಿಸಿದಳು.

ಅಂಥ ಹೊತ್ತಿನಲ್ಲಿ ಕೆಲಸಕ್ಕೆ ಬಂದವಳು ಟೈಲರಕ್ಕ. ಸಿದ್ಧ ಉಡುಪಿನ ಅಂಗಡಿಗಳ ಮುಂದೆ ಅವಳ ಹೊಲಿಗೆ ಅಂಗಡಿ ನಿಲ್ಲಲಾರದೆ ಮುಚ್ಚಿತ್ತು. ಮನೆಯಲ್ಲಿ ಅವಳೂ ಅವಳ ಪುಟ್ಟ ಮಗಳೂ ಇಬ್ಬರೇ.

“ಪಟಿಕದ ನಲ್ಲಿ ಇಷ್ಟು ತೆರೆದಿರಬೇಕು. ಮೀಟರಿನ ಮುಳ್ಳು ಇಲ್ಲಿರಬೇಕು. ಅಷ್ಟೇ,” ಎಂದಳು ಟೀಚರಮ್ಮ.

“ಯಾಕೆ ಅಕ್ಕಾ ಇಷ್ಟೇ?”

“ಯಾಕೆ ಗೀಕೆ ಎಲ್ಲ ಬೇಡ. ಹೇಳಿದ್ದು ಮಾಡು.”

ಟೈಲರಕ್ಕ ಹೇಳಿದ್ದನ್ನಷ್ಟೇ ಮಾಡಿದಳು. ಒಂದು ಮಧ್ಯಾಹ್ನ ಟೀಚರಮ್ಮ ಗಂಡನ ಹಲ್ಲು ಕೀಳಿಸಲು ರಜೆ ಹಾಕಿದ್ದಳು. ಮೇಲೆಲ್ಲೋ ಜೋರು ಮಳೆಯಾಗಿ, ಹೊಳೆಯ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಕೆಸರು ಹೆಚ್ಚಾದರೆ ಅದನ್ನು ತಳಕ್ಕಿಳಿಸಲು ಪಟಿಕವೂ ಹೆಚ್ಚು ಬೇಕು. ಅದು ಟೈಲರಕ್ಕನಿಗೆ ಗೊತ್ತಿರಲಿಲ್ಲ. ನಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು. ಕೆಸರೆಲ್ಲ ನೇರವಾಗಿ ಮರಳಿನ ಸೋಸುತೊಟ್ಟಿಗಳಿಗೆ ನುಗ್ಗಿ ಕಟ್ಟಿಕೊಂಡಿತು. ಸಂಜೆಯ ಹೊತ್ತಿಗೆ ಅರ್ಧ ಊರಿನ ನಲ್ಲಿಗಳು ಗೊರಗೊರ ಎಂದು ಸುಮ್ಮನಾದವು.

ಮರುದಿನ ಬೆಳಿಗ್ಗೆ ಇಬ್ಬರಿಗೂ ಎಂಜಿನಿಯರ ಕೋಣೆಯಿಂದ ಕರೆ ಬಂತು.

“ನೀರಿನ ಬಣ್ಣ ಕಾಣ್ಲಿಲ್ವೇನಮ್ಮಾ? ಕಣ್ಣೆಲ್ಲಿಟ್ಟಿದ್ದೆ?”

“ಕಾಣಿಸ್ತು ಸರ್. ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ,” ಎಂದು ಟೈಲರಕ್ಕ ತಲೆ ತಗ್ಗಿಸಿದಳು. ಯಾರ ಕಡೆಗೂ ಬೆರಳು ತೋರಿಸಲಿಲ್ಲ.

ಸುಮ್ಮನಿದ್ದಿದ್ದರೆ ಟೀಚರಮ್ಮನಿಗೆ ಏನೂ ಆಗುತ್ತಿರಲಿಲ್ಲ. ಆದರೆ ಅವಳು ಒಂದು ಹೆಜ್ಜೆ ಮುಂದೆ ಬಂದಳು. “ನಾನು ಹೇಳಿಕೊಟ್ಟಿದ್ರೆ ತಾನೇ ಸರ್ ಗೊತ್ತಾಗೋದು? ಬೈಯೋದಿದ್ರೆ ನನ್ನ ಬೈಯಿರಿ.”

ಎಂಜಿನಿಯರು ಕನ್ನಡಕ ತೆಗೆದು ನೋಡಿದರು. “ನೀವಾ? ನಿಮ್ಮ ಬಾಯಿ ಮುಚ್ಚಿಸೋಕೆ ನಾವೆಲ್ಲ ಒದ್ದಾಡ್ತಿದ್ವಲ್ರೀ!”

ಹೊರಗೆ ಬಂದು ಇಬ್ಬರೂ ತೊಟ್ಟಿಯ ಮೆಟ್ಟಿಲ ಮೇಲೆ ಕೂತರು. “ಕಲಿತ ಮೇಲೆ ನೀನೂ ಹೋಗ್ತೀಯ,” ಎಂದಳು ಟೀಚರಮ್ಮ. “ಎಷ್ಟು ಜನಕ್ಕಂತ ಗಂಟಲು ಹರ್ಕೊಳ್ಲಿ?”

“ಕಲಿತಿದ್ದಕ್ಕೆ ಯಾರು ಹೋಗ್ತಾರೆ ಅಕ್ಕಾ? ನಾಳೆ ಯಾವ ಪಾಳಿ ಅನ್ನೋದು ಇವತ್ತು ಸಂಜೆ ಗೊತ್ತಾಗುತ್ತೆ. ಮಗಳನ್ನ ಯಾರ ಮನೇಲಿ ಬಿಡ್ಲಿ ಅಂತ ದಿನಾ ತಲೆಬಿಸಿ. ಬಟ್ಟೆ ಬದಲಾಯಿಸೋಕೆ ಒಂದು ಮೂಲೆ ಇಲ್ಲ. ಸುಳ್ಳು ಯಾಕೆ ಹೇಳ್ಲಿ, ನಾನೂ ಬೇರೆ ಕೆಲಸ ಹುಡುಕ್ತಾನೇ ಇದೀನಿ.”

ಟೀಚರಮ್ಮನಿಗೆ ಟೈಲ್ಸ್ ಅಂಗಡಿಗೆ ಹೋದವನ ನಿದ್ದೆಗೆಟ್ಟ ಕೆಂಪು ಕಣ್ಣು ನೆನಪಾಯಿತು. ಅವನಿಗೆ ನಿಯತ್ತಿಲ್ಲ ಎಂದು ಬೈದುಕೊಂಡಿದ್ದಳೇ ಹೊರತು, ಯಾಕಪ್ಪಾ ಹೋಗ್ತೀಯ ಎಂದು ಒಂದು ಮಾತು ಕೇಳಿರಲಿಲ್ಲ.

ಅಂದಿನಿಂದ ಅವಳು ಎಂಜಿನಿಯರ ಬೆನ್ನು ಬಿದ್ದಳು. ತಿಂಗಳ ಪಾಳಿ ಮೊದಲೇ ಗೊತ್ತಾಗಬೇಕು, ಹೆಂಗಸರಿಗೊಂದು ಕೋಣೆ ಬೇಕು. ಇವೆರಡೇ ಬೇಡಿಕೆ.

“ಯಾರಾದ್ರೂ ಇದ್ದಕ್ಕಿದ್ದಂಗೆ ರಜೆ ಹಾಕಿದ್ರೆ?”

“ನಾನು ಬರ್ತೀನಿ.”

“ಯಾವಾಗ್ಲೂ?”

“ಇನ್ನೊಬ್ರು ಕಲಿಯೋ ತನಕ.”

ಅವಳ ಕಾಟ ತಡೆಯಲಾರದೆ ಕೊನೆಗೆ ಅವರು ಹೂಂ ಎಂದರು. ತುಕ್ಕು ಹಿಡಿದ ಪೈಪುಗಳು ತುಂಬಿದ್ದ ಕೋಣೆ ಖಾಲಿಯಾಯಿತು. ಟೈಲರಕ್ಕ ಕಿಟಕಿಗೆ ಪರದೆ ಹೊಲಿದು ತಂದಳು.

ಪಾಠವೂ ಮೊದಲಿನಂತೆ ಶುರುವಾಯಿತು. ಸಾಲಾಗಿಟ್ಟ ಗಾಜಿನ ಜಾಡಿಗಳಲ್ಲಿ ಹೊಳೆಯ ನೀರು, ಒಂದೊಂದಕ್ಕೂ ಬೇರೆ ಬೇರೆ ಅಳತೆಯ ಪಟಿಕ. ಕಲಕಿ ಬಿಟ್ಟರೆ ಒಂದರಲ್ಲಿ ಮಾತ್ರ ಕೆಸರು ಹತ್ತಿಯಂತೆ ಉಂಡೆಗಟ್ಟಿ ಇಳಿಯಿತು. ಆ ಜಾಡಿಯ ಅಳತೆಯೇ ಅಂದಿನ ನೀರಿಗೆ ಸರಿ. “ಅಯ್ಯೋ, ಇಷ್ಟೇನಾ!” ಎಂದು ಟೈಲರಕ್ಕ ನಕ್ಕಳು.

ಎಲ್ಲರೂ ಉಳಿದರು ಎಂದೇನಲ್ಲ. ಚುರುಕಾಗಿದ್ದ ವಾಲ್ವ್‌ಮನ್ ಒಬ್ಬ ಆಮೇಲೂ ಕೆಲಸ ಬಿಟ್ಟ. ಅಂದು ಟೀಚರಮ್ಮನಿಗೆ ಊಟ ಸೇರಲಿಲ್ಲ. ಆದರೆ ಮರುದಿನ ಅವನ ಜಾಗದಲ್ಲಿ ನಿಲ್ಲಲು ಕೆಲಸ ಗೊತ್ತಿದ್ದವರೇ ಇದ್ದರು. ಟೈಲರಕ್ಕ ಎಲ್ಲಿಗೂ ಹೋಗಲಿಲ್ಲ.

ಮುಂದೆ ಹೊಸಬರಿಬ್ಬರು ಬಂದಾಗ ಪಾಠ ಮಾಡಿದವಳು ಅವಳೇ. “ಪಟಿಕ ಅಂದ್ರೆ ಹೊಲಿಗೆ ಇದ್ದಂಗೆ. ಚೂರು ಚೂರೆಲ್ಲ ಸೇರಿ ಒಂದಾಗುತ್ತೆ,” ಎನ್ನುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಟೀಚರಮ್ಮ ತಿದ್ದಲು ಬಾಯಿ ತೆರೆದಳು. ಹೊಸಬರು ತಲೆದೂಗುವುದನ್ನು ಕಂಡು ಸುಮ್ಮನೆ ಅಲ್ಲಿಂದ ಸರಿದಳು.

“ಏನು ಪಾಠ ಮಾಡ್ತಾಳೋ ಏನೋ!” ಎಂದು ದಾರಿಯಲ್ಲಿ ಸಿಕ್ಕ ಎಂಜಿನಿಯರ ಹತ್ತಿರ ಗೊಣಗಿದಳು. ಆ ಗೊಣಗಾಟದಲ್ಲಿ ಬಿಸಿಯೇ ಇರಲಿಲ್ಲ.