ಹಲಗೆಯ ಕೆಳಗಿನ ಉಸಿರು

ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಫಿಟ್ಟರ್‌ಗೆ ವಯಸ್ಸಿನಿಂದ ಕಿವಿ ಪೂರ್ತಿ ಹೋಗಿತ್ತು. ನಮ್ಮ ನೀರಿನ ಪಂಪು ಕೆಟ್ಟರೆ ಮಾತ್ರ ಅದರ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚುತ್ತಿದ್ದರು. ನಾನು ಹತ್ತಿರ ಹೋದರೆ, "ಸುಮ್ನಿರು ಮಾರಾಯ, ಕೇಳ್ತಿದೀನಿ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಒಂದು ಚಳಿಗಾಲ, ವಲಸೆ ಹಕ್ಕಿಗಳನ್ನು ನೋಡಲು ನಾವಿಬ್ಬರೂ ಮಲ್ಪೆಯಿಂದ ದೋಣಿ ಹತ್ತಿದೆವು. ದಡ ಮರೆಯಾದ ಮೇಲೆ ದೋಣಿಯವನು ಎಂಜಿನ್ ನಿಲ್ಲಿಸಿದ. ನೀರಿನ ಮೇಲೆ ನೂರಾರು ಬಿಳಿ ಹಕ್ಕಿಗಳು ಕೂತು ಕಿರುಚುತ್ತಿದ್ದವು. ಫಿಟ್ಟರ್ ಬಗ್ಗಿ ದೋಣಿಯ ತಳದ ಹಲಗೆಗೆ ಅಂಗೈ ಒತ್ತಿದರು.

"ಕೆಳಗೆ ಯಾರೋ ಉಸಿರಾಡ್ತಿದಾರೆ."

ಹಕ್ಕಿಗಳು ಒಮ್ಮೆಲೇ ಸದ್ದಡಗಿ, ಎದ್ದು ಹಾರಿಹೋದವು. ಪಕ್ಕದಲ್ಲೇ ದೋಣಿಗಿಂತ ಉದ್ದದ ಕಪ್ಪು ಬೆನ್ನೊಂದು ಮೇಲೆದ್ದು, ಉಸಿರು ಚಿಮ್ಮಿಸಿ ಮುಳುಗಿತು. ತಿಮಿಂಗಿಲ!

"ಹೋಯ್ತು ಸಾರ್" ಎಂದು ದೋಣಿಯವನು ಎಂಜಿನ್‌ಗೆ ಕೈಹಾಕಿದ. ಇವರು ಅವನ ಕೈ ಬಿಗಿಯಾಗಿ ಹಿಡಿದರು.

"ಬೇಡ. ಇನ್ನೊಂದಿದೆ. ಚಿಕ್ಕದು. ನಮ್ಮ ಕೆಳಗೇ ಇದೆ."

ಅಲುಗಾಡದೆ ಕೂತೆವು. ಹತ್ತು ನಿಮಿಷದ ಮೇಲೆ, ನೀರಿನೊಳಗೆ ತಿರುಗುವ ಎಂಜಿನ್ನಿನ ಫ್ಯಾನಿಗೆ ಒಂದು ಗೇಣು ದೂರದಲ್ಲಿ ಮರಿಯ ಬೆನ್ನು ಮೇಲೆ ಬಂತು. ದೊಡ್ಡದು ಸದ್ದಿಲ್ಲದೆ ಬಂದು ಅದನ್ನು ಕರೆದುಕೊಂಡು ಹೋಯಿತು.

ಅವೆರಡೂ ಕಣ್ಮರೆಯಾದ ಮೇಲೂ ದೋಣಿಯವನಿಗೆ ಎಂಜಿನ್ ಚಾಲೂ ಮಾಡುವ ಧೈರ್ಯ ಬರಲಿಲ್ಲ. ನಮ್ಮನ್ನು ತಿರುಗಿಯೂ ನೋಡದೆ, ದಡ ಕಾಣುವವರೆಗೆ ಹುಟ್ಟು ಹಾಕುತ್ತಲೇ ಇದ್ದ.